ಆರೋಗ್ಯ ವಿಚಾರ: ತಲೆಸುತ್ತಿನ ಮೂಲವು ಕಿವಿಯಲ್ಲಿ

ಶಾಸ್ತ್ರಪಾಠವನ್ನು ಸ್ವಲ್ಪವಾದರೂ ಹೇಳಿಸಿಕೊಂಡವರಿಗೆ ‘ಸೈಂಧವ’ದ ದೃಷ್ಟಾಂತವು ಪರಿಚಿತವಾಗಿಯೇ ಇರುವುದು. ಆ ಶಬ್ದಕ್ಕೆ ಉಪ್ಪೆಂದೂ ಅರ್ಥವುಂಟು, ಕುದುರೆಯೆಂದೂ ಅರ್ಥವುಂಟು. ಯಜಮಾನನು ಎಲೆಯ ಮುಂದೆ ಕುಳಿತು ಸೈಂಧವವನ್ನು ತಾ ಎಂದರೆ ಉಪ್ಪನ್ನು ತರತಕ್ಕದ್ದು. ಪ್ರಯಾಣಕ್ಕೆ ಸಿದ್ಧನಾಗಿ ಹೊಸ್ತಿಲಲ್ಲಿ ನಿಂತು ಅದನ್ನೇ ಹೇಳಿದರೆ ಕುದುರೆಯನ್ನು ತರತಕ್ಕದ್ದು. ಶಬ್ದವೊಂದೇ ಆದರೂ ಪ್ರಕರಣವನ್ನರಿತು ಅರ್ಥವನ್ನು ನಿಶ್ಚಯಿಸಬೇಕು. ಹಾಗೆ ಮಾಡದ ಸೇವಕನು ಊಟದ ಎಲೆಯ ಬಳಿಗೆ ಕುದುರೆಯನ್ನು ಹಿಡಿದುಕೊಂಡು ಬಂದಾನು.

ನಮ್ಮ ಮನೆಗಳಲ್ಲಿ ಪದೇ ಪದೇ ಕೇಳಿಬರುವ ‘ತಲೆಸುತ್ತು’ ಎಂಬ ಮಾತು ಇಂತಹುದೇ ಒಂದು ನಾನಾರ್ಥಪದವಾಗಿದೆ. ರಕ್ತಹೀನತೆಯಿಂದ ಬಳಲುವ ಹುಡುಗಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ತಲೆಸುತ್ತೆನ್ನುವಳು. ರಕ್ತದೊತ್ತಡಕ್ಕೆ ಔಷಧವನ್ನು ಸೇವಿಸುವ ವೃದ್ಧರು ಹಾಸಿಗೆಯಿಂದ ತಟಕ್ಕನೆ ಎದ್ದು, ಕಣ್ಣಿಗೆ ಕತ್ತಲೆ ಕವಿದು, ಗೋಡೆಯನ್ನು ಹಿಡಿದುಕೊಂಡು ತಲೆಸುತ್ತೆನ್ನುವರು. ಮಧುಮೇಹಿಯು ಹೊತ್ತಿಗೆ ಸರಿಯಾಗಿ ಉಣ್ಣದೆ, ಬೆವತು ನಡುಗುತ್ತ, ಅದೇ ಮಾತನ್ನಾಡುವನು. ಮತ್ತೊಬ್ಬರಿಗೆ ಕುಳಿತ ಮನೆಯೇ ಕುಂಬಾರನ ಚಕ್ರದಂತೆ ತಿರುಗಿ, ಒಂದು ಕಿವಿಯೊಳಗೆ ಭೋರೆಂಬ ಸದ್ದೆದ್ದು, ಆ ಕಿವಿಯು ಮಂದವಾಗುವುದು. ಅವರೂ ತಲೆಸುತ್ತೆಂದೇ ಹೇಳುವರು. ಇಷ್ಟು ಮಂದಿಗೂ ಮನೆಯ ಹಿರಿಯರಿಂದ ದೊರೆಯುವ ಉತ್ತರವು ಒಂದೇ: “ಪಿತ್ತ ಕೆರಳಿದೆ, ನಿಂಬೆಹಣ್ಣಿನ ಪಾನಕ ಕುಡಿದು ಮಲಗು.” ಎಲೆಯ ಬಳಿಗೆ ಕುದುರೆ ಬಂದಂತಾಯಿತು.

ಈ ಅಂಕಣಕ್ಕೆ ಪತ್ರ ಬರೆದ ಗೃಹಸ್ಥರೊಬ್ಬರು ತಮ್ಮ ಪತ್ನಿಯ ವಿಷಯವನ್ನು ವಿವರವಾಗಿ ತಿಳಿಸಿದ್ದಾರೆ. ಆಕೆಗೆ ನಾಲ್ವತ್ತನಾಲ್ಕು ವಯಸ್ಸು. ಒಂದು ವರ್ಷದೊಳಗೆ ನಾಲ್ಕಾರು ಸಲ ಇದ್ದಕ್ಕಿದ್ದಂತೆ ಮನೆಯೆಲ್ಲ ತಿರುಗಿದಂತಾಗಿ, ವಾಂತಿಯಾಗಿ, ಎರಡು ಮೂರು ಗಂಟೆಗಳ ಕಾಲ ಕಣ್ಣು ತೆರೆಯಲಾರದೆ ಮಲಗಿದ್ದರಂತೆ. ಮರುದಿನ ಎಂದಿನಂತೆ ಎದ್ದು ಓಡಾಡುವುದನ್ನು ನೋಡಿ, ಬಂಧುಗಳು ಇದನ್ನು ಹಬ್ಬದ ಕೆಲಸ ಬಂದಾಗ ಹೂಡುವ ಉಪಾಯವೆಂದು ಆಡಿಕೊಂಡರಂತೆ. ಕತ್ತಿನ ಮೂಳೆ ಸವೆದಿದೆಯೆಂದು ಒಬ್ಬರು ಕತ್ತಿಗೆ ಪಟ್ಟಿ ಕಟ್ಟಿಸಿದರು. ದೃಷ್ಟಿಯಾಗಿದೆಯೆಂದು ಇನ್ನೊಬ್ಬರು ಮೆಣಸಿನಕಾಯಿ ಸುಟ್ಟರು. ಇಷ್ಟನ್ನೂ ಬರೆದು, ಪತ್ರದ ಕೊನೆಗೆ, ಮರೆತಿದ್ದುದು ನೆನಪಾದವರಂತೆ, “ಈಚೆಗೆ ಆಕೆ ಟೆಲಿಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಾಯಿಸಿಕೊಂಡಿದ್ದಾಳೆ” ಎಂದು ಒಂದು ಸಾಲನ್ನು ಸೇರಿಸಿದ್ದಾರೆ. ಪತ್ರವನ್ನು ನೋಡಿ ರೋಗವನ್ನು ನಿಶ್ಚಯಿಸುವ ಅಧಿಕಾರವು ವೈದ್ಯನಲ್ಲದ ನನಗಿಲ್ಲ. ಆದರೆ ಆ ಪತ್ರದಲ್ಲಿ ಮೊದಲು ಬರೆಯಬೇಕಾಗಿದ್ದ ಸಾಲು ಅದೇ ಎಂದು ಧೈರ್ಯವಾಗಿ ಹೇಳಬಲ್ಲೆನು. ಏಕೆಂದರೆ ತಲೆಸುತ್ತೂ ಕಿವುಡೂ ಜೊತೆಗೂಡಿ ಬಂದಲ್ಲಿ ವೈದ್ಯರು ಮುಖ್ಯವಾಗಿ ವಿಚಾರಿಸತಕ್ಕ ರೋಗವೊಂದುಂಟು. ಅದಕ್ಕೆ ಮೆನಿಯೇರ್ ರೋಗವೆಂದು ಹೆಸರು.

ಕಿವಿಗೂ ತಲೆಸುತ್ತಿಗೂ ಏನು ಸಂಬಂಧವೆಂದು ವಾಚಕರು ಆಶ್ಚರ್ಯಪಡಬಹುದು. ಈ ಆಶ್ಚರ್ಯವು ನಮ್ಮದು ಮಾತ್ರವಲ್ಲ. ಸುಶ್ರುತಾಚಾರ್ಯನು ಕರ್ಣರೋಗಗಳನ್ನು 28 ಎಂದು ಎಣಿಸಿ, ಕರ್ಣಶೂಲ, ಕರ್ಣನಾದ, ಬಾಧಿರ್ಯ ಮೊದಲಾದುವನ್ನು ಹೆಸರಿಸಿದನು. ಆದರೆ ಭ್ರಮವು ಆ ಪಟ್ಟಿಯಲ್ಲಿಲ್ಲ. ಮಾಧವನಿದಾನದಲ್ಲಿ ಭ್ರಮವು ಮೂರ್ಚ್ಛೆ, ತಂದ್ರೆ, ಸಂನ್ಯಾಸಗಳ ಪಂಕ್ತಿಯಲ್ಲಿ ಕುಳಿತಿದೆ. ಯೂರೋಪಿನಲ್ಲಿಯೂ ಸ್ಥಿತಿಯು ಭಿನ್ನವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನ ತನಕ ಅಲ್ಲಿಯ ವೈದ್ಯರು ಇಂತಹ ತಲೆಸುತ್ತನ್ನು ಮೆದುಳಿನಲ್ಲಿ ರಕ್ತವು ಕಟ್ಟಿಕೊಂಡದ್ದರ ಫಲವೆಂದು ನಂಬಿ, ರೋಗಿಯ ರಕ್ತವನ್ನು ಹೊರಕ್ಕೆ ಬಿಡುತ್ತಲೂ ಜಿಗಣೆಗಳನ್ನು ಹಚ್ಚುತ್ತಲೂ ಇದ್ದರು. ಮೊದಲೇ ನಿಲ್ಲಲಾರದವನು ರಕ್ತವನ್ನೂ ಕಳೆದುಕೊಂಡು ಇನ್ನಷ್ಟು ಕುಗ್ಗುತ್ತಿದ್ದನು.

ಈ ಭ್ರಾಂತಿಯನ್ನು ಕಳೆದವನು ಫ್ರಾನ್ಸ್ ದೇಶದ ಪ್ರಾಸ್ಪರ್ ಮೆನಿಯೇರ್ ಎಂಬ ವೈದ್ಯನು. ಈತನು 1799ರಲ್ಲಿ ಹುಟ್ಟಿ, 1838ರಿಂದ ಪ್ಯಾರಿಸ್ ನಗರದ ಕಿವುಡ ಮೂಕರ ಸಂಸ್ಥೆಯಲ್ಲಿ ಪ್ರಧಾನ ವೈದ್ಯನಾಗಿದ್ದನು. ಕಿವಿಯ ರೋಗಿಗಳನ್ನೇ ದಿನನಿತ್ಯ ಕಾಣುತ್ತಿದ್ದುದರಿಂದ, ಇತರರ ಕಣ್ಣಿಗೆ ಬೀಳದ ಸಂಗತಿಯೊಂದು ಈತನ ಕಣ್ಣಿಗೆ ಬಿತ್ತು. ಭಯಂಕರವಾದ ತಲೆಸುತ್ತು ಬಂದು ವಾಂತಿ ಮಾಡಿಕೊಂಡ ರೋಗಿಗಳು ಕೆಲವು ಗಂಟೆಗಳಾದ ಮೇಲೆ ಸ್ವಸ್ಥರಾಗುತ್ತಿದ್ದರು. ಕೈಕಾಲುಗಳಿಗಾಗಲಿ ಬುದ್ಧಿಗಾಗಲಿ ಯಾವ ಕುಂದೂ ಇರುತ್ತಿರಲಿಲ್ಲ. ಆದರೆ ಕಿವಿಯಲ್ಲಿ ಸದ್ದೂ ಮಂದತೆಯೂ ಉಳಿಯುತ್ತಿದ್ದುವು. ಪ್ಯಾರಿಸ್ಸಿನ ಫ್ಲೂರಾನ್ಸ್ ಎಂಬ ಶಾಸ್ತ್ರಜ್ಞನು 1820ರ ದಶಕದಲ್ಲಿ ಪಾರಿವಾಳಗಳ ಒಳಗಿವಿಯ ನಾಳಗಳನ್ನು ಕತ್ತರಿಸಿ, ಅವು ತಲೆಯನ್ನು ತಿರುಗಿಸುತ್ತ ತೂಕ ತಪ್ಪಿ ಬೀಳುವುದನ್ನು ತೋರಿಸಿದ್ದನು. ಇವೆರಡನ್ನೂ ಕೂಡಿಸಿ ನೋಡಿ, 1861ನೆಯ ಜನವರಿ 8ರಂದು ಪ್ಯಾರಿಸ್ಸಿನ ವೈದ್ಯ ಪರಿಷತ್ತಿನ ಮುಂದೆ ಮೆನಿಯೇರನು ತನ್ನ ಪ್ರಬಂಧವನ್ನು ಓದಿ, ಈ ತಲೆಸುತ್ತಿನ ನೆಲೆಯು ಮೆದುಳಲ್ಲ, ಒಳಗಿವಿಯೆಂದು ಸಾರಿದನು. ಮರುವರ್ಷವೇ ಆತನು ತೀರಿಕೊಂಡನು. ಹೆಸರು ಮಾತ್ರ ರೋಗದೊಡನೆ ಉಳಿಯಿತು.

ಇನ್ನು ಒಳಗಿವಿಯ ರಚನೆಯನ್ನು ಸ್ವಲ್ಪ ತಿಳಿಯೋಣ. ನಮಗೆ ಕಾಣುವ ಕಿವಿಯು ಹೊರಬಾಗಿಲು ಮಾತ್ರ. ತಮಟೆಯ ಆಚೆಗೆ, ತಲೆಬುರುಡೆಯ ಪಕ್ಕದ ಗಟ್ಟಿಯಾದ ಎಲುಬಿನೊಳಗೆ, ಬಟಾಣಿಯ ಗಾತ್ರಕ್ಕಿಂತ ಹೆಚ್ಚು ದೊಡ್ಡದಲ್ಲದ ಒಂದು ಯಂತ್ರವು ಅಡಗಿರುವುದು. ಅದಕ್ಕೆ ಎರಡು ಭಾಗ. ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡಿರುವ ಭಾಗವು ಕೇಳುವುದಕ್ಕೆ. ಅದರ ಪಕ್ಕದಲ್ಲಿ ಎರಡು ಗೋಡೆಗಳೂ ನೆಲವೂ ಕೋಣೆಯ ಮೂಲೆಯಲ್ಲಿ ಕೂಡುವಂತೆ ಮೂರು ದಿಕ್ಕಿಗೆ ನಿಂತಿರುವ ಮೂರು ಬಳೆಯಾಕಾರದ ನಾಳಗಳೂ ಎರಡು ಪುಟ್ಟ ಚೀಲಗಳೂ ಉಂಟು. ಇವು ದೇಹದ ಸಮತೋಲಕ್ಕೆ. ಎರಡು ಭಾಗಗಳೊಳಗೂ ಹರಡಿಕೊಂಡಿರುವ ತೆಳುವಾದ ಪೊರೆಯ ಕೊಳವೆಯೊಂದುಂಟು. ಕೊಳವೆಯ ಒಳಗೆ ಒಂದು ಬಗೆಯ ದ್ರವ, ಹೊರಗೆ ಮತ್ತೊಂದು ಬಗೆಯ ದ್ರವ. ಹೊರಗಿನದರಲ್ಲಿ ಸೋಡಿಯಂ ಅಧಿಕ, ಒಳಗಿನದರಲ್ಲಿ ಪೊಟ್ಯಾಸಿಯಂ ಅಧಿಕ.

ಹಳ್ಳಿಯ ಮಕ್ಕಳು ಕೈಕೈ ಹಿಡಿದು ಅಪ್ಪಾಲೆ ತಿಪ್ಪಾಲೆ ಆಡುವುದನ್ನು ನೋಡಿರಿ. ಗಿರಗಿರನೆ ತಿರುಗಿ ಥಟ್ಟನೆ ನಿಂತ ಮೇಲೂ ಮರಗಿಡಗಳು ತಿರುಗುತ್ತಿರುವಂತೆ ತೋರುವುದು. ಚೊಂಬಿನಲ್ಲಿ ನೀರು ತುಂಬಿ ತಿರುಗಿಸಿ ನಿಲ್ಲಿಸಿದರೆ ಚೊಂಬು ನಿಂತ ಮೇಲೂ ನೀರು ಒಳಗೆ ತಿರುಗುತ್ತಿರುವುದಷ್ಟೆ. ನಾಳದೊಳಗಿನ ದ್ರವದ ಗತಿಯೂ ಹಾಗೆಯೇ. ನಿಂತಿದ್ದೇವೆಂದು ಕಾಲು ಹೇಳುವುದು, ತಿರುಗುತ್ತಿದ್ದೇವೆಂದು ಕಿವಿಯು ಹೇಳುವುದು. ಸಾಕ್ಷಿಗಳಿಬ್ಬರು ವಿರುದ್ಧವಾಗಿ ನುಡಿದಾಗ ಮನಸ್ಸಿಗೆ ಉಂಟಾಗುವ ಕಳವಳವೇ ತಲೆಸುತ್ತು. ಮಕ್ಕಳಿಗೆ ಕ್ಷಣಮಾತ್ರದ ಆಟವಾಗಿರುವುದು ಈ ರೋಗಿಗಳಿಗೆ ಗಂಟೆಗಟ್ಟಲೆಯ ಯಾತನೆಯಾಗುವುದು.

ಮೆನಿಯೇರನಿಗೆ ರೋಗದ ಸ್ಥಾನವು ತಿಳಿದಿತ್ತೇ ಹೊರತು ಅಲ್ಲಿ ನಡೆಯುವ ವಿಕಾರವೇನೆಂಬುದು ತಿಳಿದಿರಲಿಲ್ಲ. 1938ರಲ್ಲಿ ಲಂಡನ್ನಿನ ಹಾಲ್‌ಪೈಕ್ ಮತ್ತು ಕೇರ್ನ್ಸ್ ಎಂಬುವರೂ, ಅದೇ ವರ್ಷದಲ್ಲಿ ಜಪಾನಿನ ಒಸಾಕದ ಯಮಕಾವ ಎಂಬುವರೂ, ಮೃತರಾದ ರೋಗಿಗಳ ಕಿವಿಯ ಎಲುಬನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ, ಪೊರೆಯ ಕೊಳವೆಯೊಳಗಿನ ದ್ರವವು ಹೆಚ್ಚಿ, ಕೊಳವೆಯು ನೀರು ತುಂಬಿದ ಚೀಲದಂತೆ ಉಬ್ಬಿರುವುದನ್ನು ಕಂಡರು. ಆದರೆ ಇಂತಹ ಉಬ್ಬುವಿಕೆಯು ತಲೆಸುತ್ತೇ ಇಲ್ಲದವರ ಕಿವಿಯಲ್ಲಿಯೂ ಕೆಲವೊಮ್ಮೆ ಕಂಡುಬಂದಿದೆ. ಆದುದರಿಂದ ಉಬ್ಬುವಿಕೆಯನ್ನು ರೋಗದ ಸಹಚಾರಿಯೆಂದು ಹೇಳಬಹುದಲ್ಲದೆ, ಅದೊಂದೇ ಕಾರಣವೆಂದು ಹೇಳುವಂತಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ಸರಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕೆಂಬುದು ಸರಿಯಲ್ಲವೆಂದು ತರ್ಕವನ್ನು ಓದಿದವರು ಬಲ್ಲರು.

ರೋಗದ ಲಕ್ಷಣಗಳು ನಾಲ್ಕು. ಮೊದಲನೆಯದು, ತಾನಾಗಿಯೇ ಬರುವ ತಿರುಗುವ ತಲೆಸುತ್ತು. ಓಕರಿಕೆ, ವಾಂತಿ, ಬೆವರು ಇದರ ಪರಿವಾರ. ಎರಡನೆಯದು, ಒಂದು ಕಿವಿಯು ಮಂದವಾಗುವುದು. ಮೂರನೆಯದು, ಆ ಕಿವಿಯಲ್ಲಿ ಭೋರೆಂದೋ ಗುಂಯ್ ಎಂದೋ ನಾದ. ನಾಲ್ಕನೆಯದು, ಕಿವಿಯೊಳಗೆ ನೀರು ಹೊಕ್ಕಂತೆ ಬಿಗಿತ. ಅನೇಕರಿಗೆ ಬಿಗಿತವೂ ನಾದದ ಏರಿಕೆಯೂ ಮೊದಲು ಕಾಣಿಸಿಕೊಂಡು, ಬಳಿಕ ತಲೆಸುತ್ತು ಬರುವುದು. ಆಯುರ್ವೇದದ ಮಾತಿನಲ್ಲಿ ಅವು ಪೂರ್ವರೂಪಗಳು. ಆರಂಭದ ದಿನಗಳಲ್ಲಿ ಕಿವಿಯು ಮಂದವಾಗಿ ಮತ್ತೆ ಸರಿಯಾಗುವುದು. ಈ ಏರಿಳಿತವೇ ರೋಗದ ಗುರುತೂ ಹೌದು, ಮೋಸವೂ ಹೌದು. ಸರಿಯಾಯಿತೆಂದು ನಂಬಿ ಸುಮ್ಮನಿರುವಲ್ಲಿ, ವರ್ಷಗಳು ಉರುಳಿದಂತೆ ಕಿವಿಯು ಹಿಂದಿರುಗಿ ಬರುವುದು ಕಡಿಮೆಯಾಗಿ, ಮಂದತೆಯು ಸ್ಥಿರವಾಗಿ ನಿಲ್ಲುವುದು. ನಾಲ್ವತ್ತರಿಂದ ಅರುವತ್ತರ ವಯಸ್ಸಿನೊಳಗೆ ಆರಂಭವಾಗುವುದು ಹೆಚ್ಚು. ಪ್ರಜ್ಞೆಯು ಮಾತ್ರ ತಪ್ಪುವುದಿಲ್ಲ. ಕೆಲವರು ಪ್ರಜ್ಞೆಯಿದ್ದಂತೆಯೇ ಯಾರೋ ನೂಕಿದಂತಾಗಿ ನೆಲಕ್ಕೆ ಬೀಳುವುದೂ ಉಂಟು.

ಈಗ ರೋಗನಿರ್ಣಯದ ವಿಷಯಕ್ಕೆ ಬರೋಣ. ರಕ್ತವನ್ನು ಪರೀಕ್ಷಿಸಿ ಮಧುಮೇಹವನ್ನು ಹೇಳುವಂತೆ, ಒಂದೇ ಒಂದು ಪರೀಕ್ಷೆಯಿಂದ ಈ ರೋಗವನ್ನು ಹೇಳಿಬಿಡುವ ಉಪಾಯವಿಲ್ಲ. ದರ್ಶನ, ಸ್ಪರ್ಶನ, ಪ್ರಶ್ನ ಎಂದು ನಮ್ಮ ಪ್ರಾಚೀನ ವೈದ್ಯರು ಪರೀಕ್ಷೆಯನ್ನು ಮೂರು ವಿಧವಾಗಿ ಹೇಳಿದರು. ಇಲ್ಲಿ ಪ್ರಶ್ನವೇ ರಾಜನು. ಒಳ್ಳೆಯ ವೈದ್ಯರು ಯಂತ್ರದ ಬಳಿಗೆ ಕರೆದೊಯ್ಯುವ ಮುನ್ನ ಕೇಳುವ ಪ್ರಶ್ನೆಗಳು ನಾಲ್ಕು: ಸುತ್ತುವುದೋ, ಕಣ್ಣು ಕತ್ತಲಿಡುವುದೋ? ಎಷ್ಟು ಹೊತ್ತು ಇತ್ತು? ಏನು ಮಾಡುತ್ತಿದ್ದಾಗ ಬಂದಿತು? ಆಗ ಕಿವಿಯು ಹೇಗಿತ್ತು?

ಇವುಗಳಲ್ಲಿ ಎರಡನೆಯ ಪ್ರಶ್ನೆಯೊಂದರಿಂದಲೇ ಎಷ್ಟು ವಿವೇಚನೆ ದೊರೆಯುವುದೆಂಬುದನ್ನು ಗಮನಿಸಿರಿ. ಹಾಸಿಗೆಯಲ್ಲಿ ಮಗ್ಗುಲು ತಿರುಗಿದಾಗ ಅಥವಾ ಅಟ್ಟದ ಕಡೆಗೆ ತಲೆಯೆತ್ತಿದಾಗ ಬಂದು, ಒಂದು ನಿಮಿಷದೊಳಗೆ ಅಡಗುವ ಸುತ್ತು ಬೇರೆ. ಒಳಗಿವಿಯ ಚೀಲದಲ್ಲಿರುವ ಸುಣ್ಣದ ಸೂಕ್ಷ್ಮ ಹರಳುಗಳು ಸ್ಥಾನ ತಪ್ಪಿ ನಾಳವನ್ನು ಹೊಕ್ಕಿರುವುದೇ ಅದರ ಕಾರಣ. ಅದರಲ್ಲಿ ಕಿವಿ ಮಂದವಾಗುವುದಿಲ್ಲ, ಮತ್ತು ವೈದ್ಯರು ತಲೆಯನ್ನು ಕ್ರಮವಾಗಿ ಹೊರಳಿಸಿ ಔಷಧವಿಲ್ಲದೆಯೇ ಅದನ್ನು ಗುಣಪಡಿಸಬಲ್ಲರು. ಹಗಲೂ ರಾತ್ರಿಯೂ ಬಿಡದೆ ದಿನಗಟ್ಟಲೆ ಇರುವ ಸುತ್ತು, ಕಿವಿಯು ಚೆನ್ನಾಗಿದ್ದಲ್ಲಿ, ಸಮತೋಲದ ನರವು ಊದಿಕೊಂಡದ್ದರ ಸೂಚನೆಯಾಗಬಹುದು. ಅರೆತಲೆನೋವಿನವರಿಗೆ ಬರುವ ಸುತ್ತು ನಿಮಿಷಗಳಿಂದ ದಿನಗಳ ತನಕ ಹೇಗೆ ಬೇಕಾದರೂ ಇರಬಹುದು. ಬೆಳಕನ್ನೂ ಸದ್ದನ್ನೂ ಸಹಿಸಲಾರದಿರುವುದು ಅದರ ಗುರುತು. ಈ ಅರೆತಲೆನೋವಿನ ಸುತ್ತೂ ಮೆನಿಯೇರ್ ರೋಗವೂ ಒಬ್ಬರಲ್ಲಿಯೇ ಕೂಡಿರುವುದೂ ಉಂಟಾದುದರಿಂದ, ನುರಿತ ವೈದ್ಯರೂ ಇಲ್ಲಿ ಆತುರಪಡುವುದಿಲ್ಲ. ಮೆನಿಯೇರ್ ರೋಗದ ಸುತ್ತಿಗೆ ಅವಧಿಯು ನಿಮಿಷವಲ್ಲ, ದಿನವೂ ಅಲ್ಲ, ಗಂಟೆಗಳು.

2015ರಲ್ಲಿ ಬಾರಾನಿ ಸೊಸೈಟಿಯೇ ಮೊದಲಾದ ಹಲವು ದೇಶಗಳ ವೈದ್ಯಸಂಘಗಳು ಕೂಡಿ ಒಪ್ಪಿದ ಲಕ್ಷಣವಾಕ್ಯವು ಹೀಗಿದೆ. ತಾನಾಗಿ ಬಂದ ಸುತ್ತು ಎರಡು ಸಲವಾದರೂ ಆಗಿರಬೇಕು. ಪ್ರತಿಯೊಂದೂ 20 ನಿಮಿಷಗಳಿಂದ 12 ಗಂಟೆಗಳ ತನಕ ಇರಬೇಕು. ಅದೇ ಕಿವಿಯಲ್ಲಿ ಮಂದತೆಯೋ ನಾದವೋ ಬಿಗಿತವೋ ಏರಿಳಿಯುತ್ತಿರಬೇಕು. ತಗ್ಗು ಮತ್ತು ನಡುಸ್ಥಾಯಿಯ ನಾದಗಳಲ್ಲಿ ಒಳಗಿವಿಯ ಬಗೆಯ ಕಿವುಡು ಒಮ್ಮೆಯಾದರೂ ಯಂತ್ರದ ಪರೀಕ್ಷೆಯಲ್ಲಿ ಲಿಖಿತವಾಗಿರಬೇಕು. ಬೇರೆ ಯಾವ ರೋಗದಿಂದಲೂ ಇವನ್ನು ಇನ್ನೂ ಚೆನ್ನಾಗಿ ವಿವರಿಸುವಂತಿರಬಾರದು. ಇಷ್ಟೂ ಸಿದ್ಧವಾದಲ್ಲಿ ರೋಗವು ‘ನಿಶ್ಚಿತ’. ಯಂತ್ರದ ಸಾಕ್ಷ್ಯವು ಇನ್ನೂ ದೊರೆಯದಿದ್ದು, ಕಿವಿಯ ಏರಿಳಿತದೊಡನೆ 20 ನಿಮಿಷಗಳಿಂದ 24 ಗಂಟೆಗಳ ತನಕದ ಸುತ್ತು ಎರಡು ಸಲವಾದರೂ ಬಂದಿದ್ದಲ್ಲಿ ಅದು ‘ಸಂಭಾವ್ಯ’. ನಿಶ್ಚಯಕ್ಕೂ ಸಂಭಾವನೆಗೂ ಬೇರೆ ಬೇರೆ ಹೆಸರಿಟ್ಟಿರುವುದು ವೈದ್ಯಶಾಸ್ತ್ರದ ಪ್ರಾಮಾಣಿಕತೆ. “ಇನ್ನೂ ಖಚಿತವಾಗಿ ಹೇಳಲಾಗದು, ಮತ್ತೊಮ್ಮೆ ಬನ್ನಿ” ಎನ್ನುವ ವೈದ್ಯರನ್ನು ಏನೂ ಬಾರದವರೆಂದು ಹೀಗಳೆಯತಕ್ಕದ್ದಲ್ಲ.

ಕಿವಿಯ ಪರೀಕ್ಷೆಯು ಹೇಗೆ ನಡೆಯುವುದೆಂಬುದನ್ನೂ ತಿಳಿದಿರುವುದು ಒಳ್ಳೆಯದು. ಗುಗ್ಗೆಯಾಗಲಿ ಕೀವಾಗಲಿ ಇದೆಯೇ ಎಂದು ವೈದ್ಯರು ಮೊದಲು ದೀಪವಿಟ್ಟು ನೋಡುವರು. ಬಳಿಕ ಕವಲೊಡೆದ ಉಕ್ಕಿನ ಕಡ್ಡಿಯೊಂದನ್ನು, ಎಂದರೆ ಶ್ರುತಿಕವೆಯನ್ನು, ಮಿಡಿದು ಹಣೆಯ ನಡುವೆ ಇಡುವರು. ಸೆಕೆಂಡಿಗೆ 512 ಸಲ ಕಂಪಿಸುವ ಕವೆಯು ಇದಕ್ಕೆ ಯೋಗ್ಯ. ಗುಗ್ಗೆಯಿಂದಲೋ ತಮಟೆಯ ದೋಷದಿಂದಲೋ ಕಿವಿ ಮಂದವಾಗಿದ್ದರೆ ನಾದವು ಮಂದವಾದ ಕಿವಿಯ ಕಡೆಗೆ ಕೇಳಿಸುವುದು. ಒಳಗಿವಿಯೋ ನರವೋ ಕೆಟ್ಟಿದ್ದರೆ ಒಳ್ಳೆಯ ಕಿವಿಯ ಕಡೆಗೆ ಕೇಳಿಸುವುದು. ವೇಬರ್ ಎಂಬ ಜರ್ಮನ್ ವಿದ್ವಾಂಸನ ಹೆಸರಿನಿಂದ ನಡೆದುಬಂದಿರುವ ಈ ಪರೀಕ್ಷೆಗೆ ವಿದ್ಯುತ್ತೂ ಬೇಡ, ಹೆಚ್ಚಿನ ವೆಚ್ಚವೂ ಬೇಡ.

ಆಮೇಲೆ ಸದ್ದಿಲ್ಲದ ಕೋಣೆಯಲ್ಲಿ ಕುಳ್ಳಿರಿಸಿ, ಕಿವಿಗೆ ಹೆಡ್‌ಫೋನ್ ತೊಡಿಸಿ, ತಗ್ಗಿನ ನಾದದಿಂದ ಮೇಲಿನ ನಾದದ ತನಕ ಒಂದೊಂದಾಗಿ ಕೇಳಿಸಿ, ಪ್ರತಿಯೊಂದೂ ಎಷ್ಟು ಮೆಲ್ಲಗಿದ್ದರೂ ಕೇಳುವುದೆಂಬುದನ್ನು ರೇಖೆಯಾಗಿ ಬರೆಯುವರು. ಇದೇ ಆಡಿಯೋಗ್ರಾಮ್. ವಯಸ್ಸಿನಿಂದ ಬರುವ ಕಿವುಡಿನಲ್ಲಿ ಮೇಲಿನ ನಾದಗಳು ಮೊದಲು ಅಳಿಯುವುವು. ಮೆನಿಯೇರ್ ರೋಗದ ಆರಂಭದಲ್ಲಿ ಇದಕ್ಕೆ ವಿಪರೀತವಾಗಿ ತಗ್ಗಿನ ನಾದಗಳು ಕುಂದುವುವು. ತಂಬೂರಿಯ ಮಂದ್ರವು ಮಸಕಾಗಿ, ತಾಳದ ಝಣತ್ಕಾರವು ಸ್ಪಷ್ಟವಾಗಿಯೇ ಇದ್ದಂತೆ. ಸೆಕೆಂಡಿಗೆ 2000 ಕಂಪನಗಳಿಗಿಂತ ಕೆಳಗಿನ, ಒಂದರ ಪಕ್ಕದಲ್ಲೊಂದಿರುವ ಎರಡು ನಾದಗಳಲ್ಲಿ ರೋಗದ ಕಿವಿಯು ಒಳ್ಳೆಯ ಕಿವಿಗಿಂತ 30 ಡೆಸಿಬೆಲ್‌ನಷ್ಟಾದರೂ ಹಿಂದಿರಬೇಕೆಂಬುದು ಲಕ್ಷಣಕಾರರ ಮಾತು. ಕಿವಿಯು ಏರಿಳಿಯುವುದರಿಂದ ಒಂದು ದಿನದ ಆಡಿಯೋಗ್ರಾಮ್ ಸರಿಯಾಗಿದ್ದ ಮಾತ್ರಕ್ಕೆ ರೋಗವಿಲ್ಲವೆಂದಾಗದು. ಕಿವಿ ಮಂದವಾಗಿರುವ ದಿನವೇ ಹೋಗಿ ಮತ್ತೆ ಮಾಡಿಸತಕ್ಕದ್ದು. ದೊಡ್ಡ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಯುಂಟು. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಇಂತಹ ಕಾರ್ಯಕ್ಕೆಂದೇ ಏರ್ಪಟ್ಟುದು.

ಸಮತೋಲದ ಪರೀಕ್ಷೆಗೆ ಒಂದು ಸ್ವಾರಸ್ಯವಾದ ಇತಿಹಾಸವುಂಟು. ವಿಯೆನ್ನ ನಗರದ ರಾಬರ್ಟ್ ಬಾರಾನಿ ಎಂಬ ವೈದ್ಯನು ರೋಗಿಗಳ ಕಿವಿಯನ್ನು ನೀರಿನಿಂದ ತೊಳೆಯುತ್ತಿದ್ದಾಗ, ನೀರು ತಣ್ಣಗಿದ್ದರೆ ರೋಗಿಗೆ ತಲೆಸುತ್ತು ಬಂದು ಕಣ್ಣುಗುಡ್ಡೆಗಳು ಒಂದು ಕಡೆಗೆ ಅದುರುವುದನ್ನೂ, ನೀರು ಬಿಸಿಯಾಗಿದ್ದರೆ ಮತ್ತೊಂದು ಕಡೆಗೆ ಅದುರುವುದನ್ನೂ ಕಂಡನು. ಬಿಸಿಯಾದ ದ್ರವವು ಮೇಲೇರುವುದು, ತಣ್ಣಗಾದುದು ಇಳಿಯುವುದು ಎಂಬ ಅಡಿಗೆಮನೆಯ ನ್ಯಾಯದಿಂದಲೇ ನಾಳದೊಳಗಿನ ದ್ರವದ ಚಲನೆಯನ್ನು ವಿವರಿಸಿದನು. ಇದಕ್ಕಾಗಿ 1914ನೆಯ ವರ್ಷದ ನೊಬೆಲ್ ಪಾರಿತೋಷಕವು ದೊರೆತಾಗ ಆತನು ರಷ್ಯನರ ಕೈಯಲ್ಲಿ ಯುದ್ಧಕೈದಿಯಾಗಿದ್ದನು. ಇಂದಿಗೂ 30 ಮತ್ತು 44 ಡಿಗ್ರಿ ಸೆಂಟಿಗ್ರೇಡಿನ ನೀರನ್ನು ಕಿವಿಗೆ ಬಿಟ್ಟು ಎರಡು ಕಿವಿಗಳನ್ನೂ ಹೋಲಿಸುವರು. ಮೆನಿಯೇರ್ ರೋಗದ ಕಿವಿಯು ಅನೇಕ ವೇಳೆ ಈ ಪರೀಕ್ಷೆಗೆ ಮಂದವಾಗಿ ಉತ್ತರಿಸುವುದು.

ಇದಲ್ಲದೆ ಎಂ.ಆರ್.ಐ. ಚಿತ್ರವನ್ನು ತೆಗೆಯಿಸುವಂತೆ ವೈದ್ಯರು ಹೇಳಬಹುದು. ಅದರ ಮುಖ್ಯ ಪ್ರಯೋಜನವು ಮೆನಿಯೇರ್ ರೋಗವನ್ನು ಕಾಣುವುದಲ್ಲ. ಕಿವಿಯ ನರದ ಮೇಲೆ ನಿಧಾನವಾಗಿ ಬೆಳೆಯುವ ಗಡ್ಡೆಯೊಂದು ಇದೇ ವೇಷವನ್ನು ಧರಿಸಿ ಬರುವುದರಿಂದ, ಅದಿಲ್ಲವೆಂದು ದೃಢಪಡಿಸಿಕೊಳ್ಳುವುದು. ಆದರೆ 2007ರಲ್ಲಿ ಜಪಾನಿನ ನಗೋಯದ ವೈದ್ಯರು ವಿಶೇಷವಾದ ದ್ರಾವಣವನ್ನು ಬಳಸಿ, ಬದುಕಿರುವ ರೋಗಿಯ ಒಳಗಿವಿಯ ಉಬ್ಬುವಿಕೆಯನ್ನೇ ಚಿತ್ರದಲ್ಲಿ ತೋರಿಸಿದರು. 1938ರಲ್ಲಿ ಮೃತರಲ್ಲಿ ಮಾತ್ರ ಕಾಣಬಹುದಾಗಿದ್ದುದು ಹೀಗೆ ಜೀವಂತರಲ್ಲಿಯೂ ಕಾಣುವಂತಾಯಿತು. ಎಲ್ಲ ಊರುಗಳಲ್ಲಿಯೂ ಈ ಸೌಕರ್ಯವಿಲ್ಲ. ನಿರ್ಣಯಕ್ಕೆ ಇದು ಅನಿವಾರ್ಯವೂ ಅಲ್ಲ.

ಔಷಧದಿಂದ ಗುಣವಾದರೆ ಅದೇ ರೋಗವೆಂದು ತಿಳಿಯುವ ಕ್ರಮಕ್ಕೆ ನಮ್ಮವರು ಉಪಶಯವೆಂದು ಹೆಸರಿಟ್ಟು, ನಿದಾನಪಂಚಕದಲ್ಲಿ ಸೇರಿಸಿದರು. ಈ ರೋಗದಲ್ಲಿ ಮಾತ್ರ ಉಪಶಯವನ್ನು ನಂಬತಕ್ಕದ್ದಲ್ಲ. ಸುತ್ತುಗಳು ತಾವಾಗಿಯೇ ತಿಂಗಳುಗಟ್ಟಲೆ ಅಡಗಿರುವುದು ರೋಗದ ಸ್ವಭಾವ. ಜರ್ಮನಿಯಲ್ಲಿ 221 ರೋಗಿಗಳ ಮೇಲೆ ಒಂಬತ್ತು ತಿಂಗಳು ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೀಟಾಹಿಸ್ಟಿನ್ ಎಂಬ ಪ್ರಸಿದ್ಧ ಗುಳಿಗೆಯನ್ನು ತೆಗೆದುಕೊಂಡವರಿಗೂ ಔಷಧವಿಲ್ಲದ ಬರಿಯ ಗುಳಿಗೆಯನ್ನು ತೆಗೆದುಕೊಂಡವರಿಗೂ ಸುತ್ತುಗಳು ಸಮಾನವಾಗಿಯೇ ಇಳಿದುವು. ಆದಕಾರಣ ತಾಯಿತದಿಂದ ಗುಣವಾಯಿತು, ಕತ್ತಿನ ಪಟ್ಟಿಯಿಂದ ಗುಣವಾಯಿತು ಎಂಬ ನೆರೆಯವರ ಸಾಕ್ಷ್ಯವು ಸುಳ್ಳಾಗಿರಬೇಕಾಗಿಲ್ಲ. ಆದರೆ ಅದು ಏನನ್ನೂ ಸಾಧಿಸುವುದಿಲ್ಲ. ಹಾಗೆ ಗುಣವಾದಂತೆ ಕಂಡ ತಿಂಗಳುಗಳಲ್ಲಿ ಕಿವಿಯು ಸದ್ದಿಲ್ಲದೆ ಕೆಡುತ್ತಿರಬಹುದು. ಆಡಿಯೋಗ್ರಾಮ್ ಒಂದೇ ಅದನ್ನು ತಿಳಿಸಬಲ್ಲುದು.

ಇನ್ನು ಗೃಹಸ್ಥರು ಮಾಡತಕ್ಕದ್ದೇನು? ಸುತ್ತು ಬಂದಾಗ ರೋಗಿಯನ್ನು ನೆಲದ ಮೇಲೆ ಹಾಸಿಗೆ ಹಾಸಿ ಮಲಗಿಸಿ, ದೀಪವನ್ನು ತಗ್ಗಿಸಿ, ವಾಂತಿಯಾದಲ್ಲಿ ಮಗ್ಗುಲಿಗೆ ತಿರುಗಿಸಿರಿ. ಗಡಿಯಾರವನ್ನು ನೋಡಿ ಆರಂಭವನ್ನೂ ಮುಕ್ತಾಯವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿರಿ. ಯಾವ ಕಿವಿಯಲ್ಲಿ ಸದ್ದು, ಬಿಗಿತವು ಮೊದಲು ಬಂದಿತೇ, ಟೆಲಿಫೋನಿನ ದನಿಯು ಎರಡು ಕಿವಿಗಳಿಗೂ ಸಮವಾಗಿ ಕೇಳುವುದೇ ಎಂಬುದನ್ನು ಕೇಳಿ ಬರೆದುಕೊಳ್ಳಿರಿ. ರೋಗಿಯು ಕಣ್ಣು ತೆರೆಯಬಲ್ಲವರಾದರೆ ಕಣ್ಣುಗುಡ್ಡೆಗಳ ಅದುರುವಿಕೆಯನ್ನು ಮೊಬೈಲ್ ಫೋನಿನಲ್ಲಿ ಅರೆನಿಮಿಷ ಚಿತ್ರಿಸಿಕೊಂಡರೆ ಅದು ವೈದ್ಯರಿಗೆ ಬಹಳ ಸಹಾಯಕವಾಗುವುದು. ಏಕೆಂದರೆ ಆಸ್ಪತ್ರೆಗೆ ತಲುಪುವಷ್ಟರಲ್ಲಿ ಆ ಕುರುಹು ಮಾಯವಾಗಿರುವುದು. ಮೂರು ತಿಂಗಳ ಇಂತಹ ದಿನಚರಿಯು ಒಂದು ಯಂತ್ರಕ್ಕೆ ಸಮಾನ.

ಮಾಡಬಾರದ ಕೆಲಸಗಳೂ ಉಂಟು. ಕಿವಿಗೆ ಬಿಸಿ ಎಣ್ಣೆಯನ್ನೂ ಬೆಳ್ಳುಳ್ಳಿಯ ರಸವನ್ನೂ ಬಿಡಕೂಡದು. ತಮಟೆಯ ಆಚೆಗಿರುವ ರೋಗವನ್ನು ಅದು ಮುಟ್ಟಲಾರದು, ತಮಟೆಯನ್ನು ಸುಡಬಹುದು. ತಲೆಸುತ್ತನ್ನು ಅಡಗಿಸುವ ಗುಳಿಗೆಗಳು ಸುತ್ತು ಬಂದ ಹೊತ್ತಿಗೆ ಮಾತ್ರ. ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಸಮತೋಲವನ್ನು ಸರಿಪಡಿಸಿಕೊಳ್ಳುವ ಮೆದುಳಿನ ಶಕ್ತಿಯು ಕುಂದುವುದಲ್ಲದೆ, ಅವುಗಳಲ್ಲಿ ಕೆಲವು ವೃದ್ಧರಿಗೆ ಕೈನಡುಕವನ್ನು ತರುವುವು. ಉಪ್ಪನ್ನು ಕಡಿಮೆ ಮಾಡಲು ವೈದ್ಯರು ಸಾಮಾನ್ಯವಾಗಿ ಹೇಳುವರು. ಇದರ ಫಲಕ್ಕೆ ಬಲವಾದ ಪ್ರಮಾಣವು ಇನ್ನೂ ದೊರೆತಿಲ್ಲವಾದರೂ, ಉಪ್ಪಿನಕಾಯಿ ಹಪ್ಪಳಗಳನ್ನು ಮಿತವಾಗಿ ತಿಂದು ಕೆಟ್ಟವರಿಲ್ಲ. ಆದರೆ ಸಾದಾ ಉಪ್ಪಿನ ಬದಲು ಸೈಂಧವಲವಣವನ್ನು ತಿಂದರೆ ದೋಷವಿಲ್ಲವೆಂದು ತಿಳಿಯಬೇಡಿರಿ; ಅದರಲ್ಲಿಯೂ ಸೋಡಿಯಮ್ಮೇ ಅಧಿಕ. ಸುತ್ತು ಆಗಾಗ ಬರುತ್ತಿರುವ ದಿನಗಳಲ್ಲಿ ಬಾವಿಯ ಕಟ್ಟೆ, ಏಣಿ, ಕೆರೆಯ ಈಜು, ವಾಹನ ಚಾಲನೆ, ಇವುಗಳಿಂದ ದೂರವಿರತಕ್ಕದ್ದು.

ಕಾಯಬಾರದ ಎರಡು ಸಂದರ್ಭಗಳನ್ನು ಎಲ್ಲರೂ ನೆನಪಿನಲ್ಲಿಡಬೇಕು. ತಲೆಸುತ್ತಿನೊಡನೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ವಸ್ತುವು ಎರಡಾಗಿ ಕಂಡರೆ, ಕೈಕಾಲು ಸೋತರೆ, ಎಂದೂ ಇಲ್ಲದ ತಲೆನೋವು ಬಂದರೆ, ಆಧಾರವಿಲ್ಲದೆ ನಿಲ್ಲಲೇ ಆಗದಿದ್ದರೆ, ಅದು ಮೆದುಳಿನ ಲಕ್ವವಾಗಿರಬಹುದು. ಆ ಕ್ಷಣವೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಒಂದು ಕಿವಿಯು ಒಂದೇ ದಿನದಲ್ಲಿ ಕೇಳದೆ ಹೋದರೆ, ಸುತ್ತು ಇರಲಿ ಇಲ್ಲದಿರಲಿ, ಮರುದಿನದೊಳಗೆ ಕಿವಿಯ ವೈದ್ಯರನ್ನು ಕಾಣಬೇಕು. ಅದಕ್ಕೆ ಚಿಕಿತ್ಸೆಯುಂಟು, ಆದರೆ ವಾರಗಳು ಕಳೆದಂತೆ ಅದರ ಫಲವು ಕರಗುವುದು. ಶೀತದಿಂದ ಕಿವಿ ಕಟ್ಟಿದೆಯೆಂದು ಹದಿನೈದು ದಿನ ಸುಮ್ಮನಿದ್ದವರು ಕಳೆದುಕೊಂಡ ಶ್ರವಣವನ್ನು ಯಾರೂ ತಂದುಕೊಡಲಾರರು.

ರೋಗವನ್ನು ಬೇರುಸಹಿತ ಕೀಳುವ ಔಷಧವು ಇನ್ನೂ ಇಲ್ಲ. ಆದರೆ ಸುತ್ತುಗಳನ್ನು ಹತೋಟಿಗೆ ತರುವ ಉಪಾಯಗಳು, ಕಿವಿಯೊಳಗೆ ಕೊಡುವ ಚುಚ್ಚುಮದ್ದು ಮೊದಲ್ಗೊಂಡು ಶಸ್ತ್ರಚಿಕಿತ್ಸೆಯ ತನಕ, ಮೆಟ್ಟಿಲು ಮೆಟ್ಟಿಲಾಗಿ ಇವೆ. ಮಂದವಾದ ಕಿವಿಗೆ ಶ್ರವಣಯಂತ್ರವುಂಟು. ಇವೆಲ್ಲಕ್ಕೂ ಮೊದಲ ಮೆಟ್ಟಿಲು ರೋಗಕ್ಕೆ ಸರಿಯಾದ ಹೆಸರನ್ನು ಕೊಡುವುದು. ಹೆಸರು ತಿಳಿದೊಡನೆ ಮನೆಯಲ್ಲಿಯೂ ಒಂದು ಬದಲಾವಣೆಯಾಗುವುದು. ನೆಪವೆಂದು ಆಡಿಕೊಂಡವರು ಸುಮ್ಮನಾಗುವರು. ಎಡಗಡೆಯಿಂದ ಕರೆದರೆ ಓಗೊಡದವಳನ್ನು ಉದಾಸೀನಳೆಂದು ಬಯ್ಯುತ್ತಿದ್ದವರು ಬಲಗಡೆಗೆ ಬಂದು ಮಾತನಾಡುವರು. ಈ ರೋಗಿಗಳಿಗೆ ಗಾಯವಿಲ್ಲ, ಜ್ವರವಿಲ್ಲ, ಸುತ್ತು ಇಳಿದ ಮೇಲೆ ಮುಖದಲ್ಲಿ ಯಾವ ಚಿಹ್ನೆಯೂ ಇರುವುದಿಲ್ಲ. ಅವರ ಬಾಯಿಮಾತೊಂದೇ ಪ್ರಮಾಣ. ಅದನ್ನು ಮನೆಯವರು ನಂಬಿ, ಕಿವಿಗೊಟ್ಟು ಕೇಳಿ, ಬರೆದುಕೊಂಡು ಹೋದಲ್ಲಿ ಅರ್ಧ ನಿರ್ಣಯವು ಮನೆಯಲ್ಲಿಯೇ ಮುಗಿದಂತೆ.

ಮುಂದಿನ ತಿಂಗಳು ಮಕ್ಕಳ ಕಿವಿ ಸೋರುವ ವಿಷಯವನ್ನು ವಿಚಾರಿಸೋಣ.